ಕೋವಿಗೊಂದು ಗವಸು

ನಮ್ಮಪ್ಪನ ಕೋವಿ ದಿನಕ್ಕೆರಡು ಸಲ ಬಟ್ಟೆ ಬದಲಿಸುತ್ತಿತ್ತು ಎಂದರೆ ನೀವು ನಗಬಹುದು. ಆದರೆ ಅದು ಹಾಗೆಯೇ ಇತ್ತು. ಬೆಳಗ್ಗೆ ಕೃಷ್ಣರಾಜಪುರದ ಮನೆಯಿಂದ ಹೊರಡುವಾಗ ಅದು ಖಾಕಿ ಕ್ಯಾನ್ವಾಸಿನ ಗವಸಿನೊಳಗೆ ಮಲಗಿರುತ್ತಿತ್ತು. ನಳಿಗೆ ಬೇರೆ, ಮರದ ಹಿಡಿ ಬೇರೆ. ಬಿ.ಟಿ.ಎಸ್. ಬಸ್ಸು ಟಿನ್ ಫ್ಯಾಕ್ಟರಿ, ಹಲಸೂರು ದಾಟಿ ಶಿವಾಜಿನಗರ ಸೇರುವವರೆಗೂ ಅಪ್ಪ ಅದನ್ನು ಮೊಣಕಾಲುಗಳ ನಡುವೆ ನಿಲ್ಲಿಸಿಕೊಂಡು ಕೂರುತ್ತಿದ್ದರು. ಸೊಪ್ಪಿನ ಬುಟ್ಟಿ ಹೊತ್ತು ಹತ್ತುತ್ತಿದ್ದ ಹೆಂಗಸೊಬ್ಬಳು ಒಮ್ಮೆ, "ವಾಲಗದವರಾ ಅಣ್ಣ? ಎಲ್ಲಿ ಮದುವೆ?" ಎಂದು ಕೇಳಿದ್ದಳಂತೆ. ಅಪ್ಪ ಗಂಭೀರವಾಗಿ, "ಹೂಂನಮ್ಮ, ಬ್ಯಾಂಕಿನಲ್ಲಿ" ಎಂದಿದ್ದರಂತೆ.

ಹತ್ತು ಗಂಟೆಗೆ ಬ್ಯಾಂಕಿನ ಬಾಗಿಲು ತೆರೆಯುವ ಹೊತ್ತಿಗೆ ಆ ವಾಲಗ ಜೋಡುನಳಿಗೆಯ ಹನ್ನೆರಡು ಬೋರಿನ ಕೋವಿಯಾಗಿ ಅಪ್ಪನ ಹೆಗಲೇರಿರುತ್ತಿತ್ತು. ಎದೆಗೆ ಅಡ್ಡವಾಗಿ ತೋಟಾಗಳ ಪಟ್ಟಿ. ಅಪ್ಪ ಇಪ್ಪತ್ತೊಂದು ವರ್ಷ ಹಲಸೂರು ಕೆರೆಯ ಪಕ್ಕದ ಮದ್ರಾಸ್ ಎಂಜಿನಿಯರ್ ಗ್ರೂಪಿನಲ್ಲಿದ್ದು, 1978ರಲ್ಲಿ ನಿವೃತ್ತರಾಗಿ, ಆಮೇಲೆ ಬ್ಯಾಂಕಿನ ಗನ್‌ಮ್ಯಾನ್ ಆದವರು. ಸಂಜೆ ಮತ್ತೆ ಗವಸು, ಮತ್ತೆ ಬಸ್ಸು. ಮನೆಯ ಹೊಸಿಲು ದಾಟಿದರೆ ಅಮ್ಮನ ಕಾಯಿದೆ ಶುರು. "ರೀ, ಮೊದಲು ಅದನ್ನ ಒಳಗಿಡಿ, ಆಮೇಲೆ ಕಾಲು ತೊಳೀರಿ." ಮಕ್ಕಳ ಕಣ್ಣಿಗೆ ಅದು ಬೀಳಬಾರದು. ಆದರೆ ಯಾವ ಟ್ರಂಕಿನಲ್ಲಿದೆ, ಬೀಗದ ಕೈ ಎಲ್ಲಿದೆ, ತೋಟಾ ಎಷ್ಟಿವೆ ಎಂಬುದು ಅಮ್ಮನಿಗೆ ಗೊತ್ತಿರಲೇಬೇಕು. "ಕಾಣಬಾರದು, ಗೊತ್ತಿರಬೇಕು" ಎನ್ನುತ್ತಿದ್ದರು. ನಾಲ್ಕನೇ ಇಯತ್ತೆ ಓದಿದ ಅಮ್ಮನ ಈ ಎರಡು ಮಾತಿನಲ್ಲಿ ಎಷ್ಟು ಚರಿತ್ರೆಯಿದೆ ಎಂದು ನನಗೆ ಅರ್ಥವಾಗಲು ಮೂವತ್ತು ವರ್ಷ ಸಮಾಜ ಪಾಠ ಮಾಡಬೇಕಾಯಿತು.

ನಮ್ಮ ಕಡೆಯವರು ಬೆಂಗಳೂರಿನ ಕಂಟೋನ್ಮೆಂಟನ್ನು 'ದಂಡು' ಎಂದೇ ಕರೆಯುವುದು. ದಂಡು ಎಂದರೆ ಸೈನ್ಯ. 1809ರಲ್ಲಿ ಶ್ರೀರಂಗಪಟ್ಟಣದ ಬ್ರಿಟಿಷ್ ಪಡೆಯನ್ನು ಹಲಸೂರಿನ ಬಳಿಗೆ ತಂದು ಕಟ್ಟಿದ ಊರು ಅದು. ಇನ್‌ಫೆಂಟ್ರಿ ರಸ್ತೆ, ಆರ್ಟಿಲರಿ ರಸ್ತೆ, ಬ್ರಿಗೇಡ್ ರಸ್ತೆ ಎಂದು ಬೀದಿಗಳ ಹೆಸರಿನಲ್ಲೇ ಆಯುಧದ ಸದ್ದು. ಪೇಟೆಯಲ್ಲಿ ಅಕ್ಕಿಪೇಟೆ, ಬಳೇಪೇಟೆ, ಅರಳೇಪೇಟೆ. ಅಲ್ಲಿ ಮಾರುವ ವಸ್ತುವಿನ ಹೆಸರು, ಇಲ್ಲಿ ಹೊಡೆಯುವ ಪಡೆಯ ಹೆಸರು. 1881ರಲ್ಲಿ ಮೈಸೂರು ರಾಜ್ಯ ಒಡೆಯರಿಗೆ ಮರಳಿದ ಮೇಲೂ ದಂಡಿನ ಪ್ರದೇಶ ಬ್ರಿಟಿಷರ ಕೈಯಲ್ಲೇ ಉಳಿದು, 1947ರ ಜುಲೈನಲ್ಲಷ್ಟೇ ಮೈಸೂರಿಗೆ ಹಿಂದಿರುಗಿತು.

ಕೋವಿಯನ್ನು ಬಯಲಿನಲ್ಲಿ ಹಿಡಿದು ನಡೆಯುವವನು ಯಾರು, ಬಚ್ಚಿಟ್ಟುಕೊಳ್ಳಬೇಕಾದವನು ಯಾರು ಎಂಬುದನ್ನು ಆ ಕಾಲದಲ್ಲಿ ಆಳುವವರೇ ತೀರ್ಮಾನಿಸುತ್ತಿದ್ದರು. ಲಾರ್ಡ್ ಲಿಟ್ಟನ್ ಕಾಲದ 1878ರ ಆಯುಧ ಕಾಯ್ದೆಯ ಪ್ರಕಾರ ಭಾರತೀಯನಿಗೆ ಲೈಸೆನ್ಸು ಬೇಕು, ಯುರೋಪಿಯನ್ನರಿಗೆ ವಿನಾಯಿತಿ. 1887ರಲ್ಲಿ ಮದ್ರಾಸಿನಲ್ಲಿ ಸೇರಿದ ಮೂರನೇ ಕಾಂಗ್ರೆಸ್ ಅಧಿವೇಶನದಲ್ಲೇ ಈ ಕಾಯ್ದೆಯ ವಿರುದ್ಧ ನಿರ್ಣಯವಾಗಿತ್ತು. ಅವರಿಗೆಲ್ಲ ಗುಂಡು ಹೊಡೆಯುವ ಆಸೆಯಿತ್ತೆಂದಲ್ಲ. ಒಬ್ಬನ ಸೊಂಟದಲ್ಲಿದ್ದರೆ ಅಲಂಕಾರ, ಇನ್ನೊಬ್ಬನ ಸೊಂಟದಲ್ಲಿದ್ದರೆ ಅಪರಾಧ ಎಂಬ ಭೇದವೇ ಅವರನ್ನು ಚುಚ್ಚಿದ್ದು.

ಈ ಭೇದವನ್ನು ಮಕ್ಕಳಿಗೆ ತಿಳಿಸಲು ನಾನು ನಮ್ಮ ನಾಡಿನದೇ ಎರಡು ಕಥೆ ಹೇಳುತ್ತೇನೆ. ಎರಡರ ನಡುವೆ ನಾಲ್ಕು ವರ್ಷದ ಅಂತರವೂ ಇಲ್ಲ.

ಮೊದಲನೆಯದು ಹಲಗಲಿಯದು. ಇಂದಿನ ಬಾಗಲಕೋಟೆ ಜಿಲ್ಲೆಯ ಮುಧೋಳದ ಸೀಮೆಯ ಊರು. 1857ರ ದಂಗೆಗೆ ಹೆದರಿದ ಕಂಪನಿ ಸರ್ಕಾರ ಜನರ ಆಯುಧಗಳನ್ನೆಲ್ಲ ತಂದು ನೋಂದಾಯಿಸಬೇಕು, ಇಲ್ಲವೇ ಒಪ್ಪಿಸಬೇಕು ಎಂದು ಹುಕುಂ ಹೊರಡಿಸಿತು. ಬೇಟೆಯಾಡಿ ಬದುಕುವ ಬೇಡರಿಗೆ ಆಯುಧವೆಂದರೆ ನಮಗೆ ಒಲೆಯಿದ್ದ ಹಾಗೆ. ಅವರು ಒಪ್ಪಲಿಲ್ಲ. ಆ ವರ್ಷದ ನವೆಂಬರ್ ಕೊನೆಯಲ್ಲಿ ಸೈನ್ಯ ಬಂದು ಊರನ್ನು ಸುಟ್ಟಿತು. ಡಿಸೆಂಬರಿನಲ್ಲಿ 19 ಜನರನ್ನು ನೇಣಿಗೆ ಹಾಕಿದರು. ಈ ಸಂಗತಿಯ ಲಾವಣಿ ನಮ್ಮ ಹತ್ತನೇ ತರಗತಿಯ ಕನ್ನಡ ಪುಸ್ತಕಕ್ಕೂ ಬಂದಿದೆ. ನಿಮ್ಮ ಮಕ್ಕಳೂ ಓದಿರಬಹುದು.

ಎರಡನೆಯದು ಕೊಡಗಿನದು. 1834ರಲ್ಲಿ ಕೊಡಗು ಬ್ರಿಟಿಷರ ವಶವಾದ ಮೇಲೆ ಅದರ ಆಡಳಿತ ಬೆಂಗಳೂರಿನಲ್ಲಿ ಕೂತ ಕಮಿಷನರ್ ಮಾರ್ಕ್ ಕಬ್ಬನ್ ಕೈಗೆ ಬಂತು. ಜನರ ಆಯುಧ ಕಿತ್ತುಕೊಳ್ಳುವ ಅದೇ ಬಗೆಯ ಕಾಯ್ದೆ ಕೊಡಗಿಗೂ ಬರಬೇಕಾಗಿತ್ತು. ಆದರೆ 1861ರ ಫೆಬ್ರವರಿಯಲ್ಲಿ, ತಾನು ಹುದ್ದೆ ಬಿಟ್ಟು ಹೊರಡುವ ಹೊತ್ತಿನಲ್ಲಿ, ಕಬ್ಬನ್ ಒಂದು ಘೋಷಣೆ ಹೊರಡಿಸಿದ. ಕೊಡವರ ಶೌರ್ಯ, ನಿಷ್ಠೆಗಳನ್ನು ಹೊಗಳಿ, ಅವರಿಗೆ ಆ ಕಾಯ್ದೆ ಅನ್ವಯಿಸುವುದಿಲ್ಲವೆಂದ. ಅದೇ ಏಪ್ರಿಲಿನಲ್ಲಿ ಊರಿಗೆ ಹೋಗುವ ದಾರಿಯಲ್ಲಿ ಸೂಯೆಜ್‌ನಲ್ಲಿ ತೀರಿಕೊಂಡ. ಹೈಕೋರ್ಟಿನ ಮುಂದಿದ್ದ ಅವನ ಕುದುರೆ ಸವಾರಿಯ ಪ್ರತಿಮೆಯನ್ನು 2020ರಲ್ಲಿ ಕಬ್ಬನ್ ಪಾರ್ಕಿನೊಳಕ್ಕೆ ಸ್ಥಳಾಂತರಿಸಿದ್ದಾರೆ.

ಹಲಗಲಿಯಲ್ಲಿ ನೇಣು, ಕೊಡಗಿನಲ್ಲಿ ಮನ್ನಣೆ. ಕೋವಿ ಎರಡೂ ಕಡೆ ಕೋವಿಯೇ. ಅದನ್ನು ಹಿಡಿದವನ ಮೇಲೆ ದೊರೆಗೆ ನಂಬಿಕೆಯಿತ್ತೇ ಇಲ್ಲವೇ ಎಂಬುದಷ್ಟೇ ಬೇರೆ. ಇದನ್ನು ಹೇಳಿದಾಗ ಒಬ್ಬ ಹುಡುಗಿ ಎದ್ದು, "ಹಾಗಾದರೆ ಕೊಡವರದು ತಪ್ಪಾ ಮಿಸ್?" ಎಂದಳು. ತಪ್ಪೇಕಾಗಬೇಕು? ದೊರೆ ಕೊಟ್ಟ ಮನ್ನಣೆಗೆ ಮುಂಚೆಯೂ ಅವರಲ್ಲಿ ಆಯುಧವಿತ್ತು, ಆಯುಧಕ್ಕೊಂದು ಮರ್ಯಾದೆಯೂ ಇತ್ತು.

ಆ ಮರ್ಯಾದೆಯನ್ನು ನಾನು ಕಣ್ಣಾರೆ ಕಂಡದ್ದು ಸಹೋದ್ಯೋಗಿಯೊಬ್ಬರ ಊರಿನಲ್ಲಿ. ಅವರು ವಿರಾಜಪೇಟೆ ಕಡೆಯವರು. ಇಲ್ಲಿ ವಸಂತನಗರದ ಕೊಡವ ಸಮಾಜದ ಸಮಾರಂಭಗಳಿಗೆ ನನ್ನನ್ನು ಕರೆಯುತ್ತಿದ್ದರು. ಒಂದು ವರ್ಷ ಸೆಪ್ಟೆಂಬರಿನಲ್ಲಿ ಕೈಲ್ ಮುಹೂರ್ತಕ್ಕೆ ಮನೆಗೇ ಕರೆದೊಯ್ದರು. ಭತ್ತದ ನಾಟಿ ಮುಗಿದ ಮೇಲೆ ಬರುವ ಆಯುಧದ ಹಬ್ಬ ಅದು. ಕೋವಿಗಳನ್ನು ಒರೆಸಿ, ಗಂಧ ಹಚ್ಚಿ, ದೇವರ ಕೋಣೆಯಲ್ಲಿ ಸಾಲಾಗಿ ಇಟ್ಟಿದ್ದರು. ನಾವು ಗೌರಿಹೂವು ಎನ್ನುವ ಕೆಂಪು ಹಳದಿಯ ಹೂವಿಗೆ ಅವರು ತೋಕ್ ಪೂ, ಅಂದರೆ ಕೋವಿ ಹೂವು ಎನ್ನುತ್ತಾರೆ. ಅದನ್ನು ನಳಿಗೆಗೆ ಸಿಕ್ಕಿಸಿದ್ದರು. ಪೂಜೆಯಾದ ಮೇಲೆ ಕಡಂಬುಟ್ಟಿನ ಊಟ, ಬಯಲಿನಲ್ಲಿ ಮರಕ್ಕೆ ಕಟ್ಟಿದ ತೆಂಗಿನಕಾಯಿಗೆ ಗುರಿ. ನನ್ನ ಸಹೋದ್ಯೋಗಿಯೂ ಸೆರಗು ಸಿಕ್ಕಿಸಿ ನಿಂತು ಒಂದು ಕಾಯಿ ಒಡೆದರು. ಶಾಲೆಯಲ್ಲಿ ಹಾಜರಿ ಪುಸ್ತಕ ಬಿಟ್ಟು ಬೇರೇನೂ ಹಿಡಿಯದ ಕೈ ಅದು ಎಂದುಕೊಂಡಿದ್ದೆ!

ಅಲ್ಲಿ ಸಾವಿಗೆ ಎರಡು ಗುಂಡು ಹಾರಿಸಿ ಊರಿಗೆ ತಿಳಿಸುತ್ತಾರೆ. ಗಂಡುಮಗು ಹುಟ್ಟಿದರೆ ಒಂದು. "ಹೆಣ್ಣು ಹುಟ್ಟಿದರೆ?" ಎಂದು ನಾನು ಕೇಳಿದೆ. ನನ್ನ ಸಹೋದ್ಯೋಗಿ ನಕ್ಕು, "ಅದಕ್ಕೇ ಈಗ ನಾವೇ ಹಾರಿಸಿಕೊಳ್ತೀವಿ" ಎಂದರು. ಆ ನಗುವಿನಲ್ಲಿ ಸ್ವಲ್ಪ ಖಾರವೂ ಇತ್ತೆನ್ನಿ.

ಆ ಬಯಲಿನಲ್ಲಿ ನನಗೆ ಭಯವಾಗಲಿಲ್ಲ. ಯಾಕೆಂದು ಆಮೇಲೆ ಯೋಚಿಸಿದೆ. ಯಾರ ಮನೆಯಲ್ಲಿ ಯಾವ ಕೋವಿಯಿದೆ ಎಂಬುದು ಊರಿಗೆಲ್ಲ ಗೊತ್ತು. ಸರ್ಕಾರದ ಲೆಕ್ಕದಲ್ಲೂ ಅದಿದೆ. ಸ್ವತಂತ್ರ ಭಾರತದ 1959ರ ಆಯುಧ ಕಾಯ್ದೆ ಬಂದ ಮೇಲೂ, 1963ರಲ್ಲಿ ಕೇಂದ್ರ ಸರ್ಕಾರ ಕೊಡವರಿಗೆ ಮತ್ತು ಕೊಡಗಿನ ಜಮ್ಮಾ ಹಿಡುವಳಿದಾರರಿಗೆ ಲೈಸೆನ್ಸಿನಿಂದ ವಿನಾಯಿತಿ ಮುಂದುವರಿಸಿತು. ಈ ಕಾಲದಲ್ಲೂ ಒಂದು ಸಮುದಾಯಕ್ಕೆ ಇಂಥ ವಿನಾಯಿತಿ ಸರಿಯೇ ಎಂದು ಕೇಳಿದವರೂ ಇದ್ದಾರೆ. ಅದು ಬ್ರಿಟಿಷರ ಕಾಲದ ಭೇದದ ಉಳಿಕೆಯೆಂಬುದು ಅವರ ವಾದ. ತಳ್ಳಿಹಾಕುವ ಮಾತಲ್ಲ ಅದು. 2019ರ ಅಕ್ಟೋಬರಿನಲ್ಲಿ ಕೇಂದ್ರ ವಿನಾಯಿತಿಯನ್ನು ಹತ್ತು ವರ್ಷಕ್ಕೆ, ಅಂದರೆ 2029ರ ಅಕ್ಟೋಬರ್ 31ರವರೆಗೆ ವಿಸ್ತರಿಸಿತು. 2021ರ ಸೆಪ್ಟೆಂಬರಿನಲ್ಲಿ ನಮ್ಮ ಹೈಕೋರ್ಟು ಅದನ್ನು ಎತ್ತಿಹಿಡಿಯಿತು. ಶಾಶ್ವತ ಮನ್ನಣೆಯಾಗಿದ್ದದ್ದು ಈಗ ಅವಧಿಯಿರುವ ಮನ್ನಣೆ.

ಇನ್ನು ನಮ್ಮ ಮನೆಯ ಕೋವಿಯ ಕಥೆಗೆ ಬರುತ್ತೇನೆ.

1991ರ ಡಿಸೆಂಬರ್. ನಾನಾಗ ಬಿ.ಇಡಿ. ಓದುತ್ತಿದ್ದೆ. ಕಾವೇರಿ ನ್ಯಾಯಮಂಡಳಿಯ ಮಧ್ಯಂತರ ಆದೇಶ ಗೆಜೆಟ್ಟಿನಲ್ಲಿ ಬಂದದ್ದೇ ತಡ, ಬೆಂಗಳೂರು ಹೊತ್ತಿಕೊಂಡಿತು. ನಮ್ಮ ಹಿಂದಿನ ಮನೆಯಲ್ಲಿ ಒಂದು ತಮಿಳು ಸಂಸಾರವಿತ್ತು. ಆ ಮನೆಯ ಯಜಮಾನರು ಅಪ್ಪನ ಜೊತೆ ಒಂದೇ ಪಲ್ಟನ್ನಿನಲ್ಲಿದ್ದವರು. ಎಂಜಿನಿಯರ್ ಗ್ರೂಪಿನ ಸೈನಿಕರಿಗೆ 'ತಂಬಿ'ಗಳೆಂದೇ ಹೆಸರು. ಕನ್ನಡದ ಅಪ್ಪನೂ ತಂಬಿಯೇ, ತಮಿಳಿನ ಅವರೂ ತಂಬಿಯೇ. ಸಂಜೆ ಅಮ್ಮ ಆ ಮನೆಯ ಹೆಂಗಸನ್ನೂ ಮಕ್ಕಳನ್ನೂ ನಮ್ಮ ನಡುಮನೆಗೆ ಕರೆತಂದು, ರಾಗಿ ಮುದ್ದೆ ಕಟ್ಟಿ ಬಡಿಸಿದರು.

ಎಂಟು ಗಂಟೆಯ ಹೊತ್ತಿಗೆ ಪಕ್ಕದ ಬೀದಿಯಿಂದ ಗಲಾಟೆ ಕೇಳಿಸಿತು. ನೆರೆಯವರೊಬ್ಬರು ಓಡಿ ಬಂದು, "ಯಜಮಾನ್ರೇ, ಕೋವಿ ತೆಗೀರಿ. ಹೆಗಲ ಮೇಲೆ ಹಾಕ್ಕೊಂಡು ಸುಮ್ನೆ ಮೂಲೇಲಿ ನಿಂತ್ಕೊಳಿ ಸಾಕು, ಒಬ್ಬನೂ ಬರಲ್ಲ" ಎಂದರು. ನನಗೂ ಅದೇ ಸರಿ ಎನಿಸಿತು. ಬ್ಯಾಂಕಿನ ಹಣಕ್ಕೆ ದಿನವೂ ನಿಲ್ಲುವ ಕೋವಿ ಮನುಷ್ಯರಿಗಾಗಿ ಒಂದು ದಿನ ನಿಲ್ಲಬಾರದೇ? ಅಪ್ಪ ಅಮ್ಮನ ಮುಖ ನೋಡಿದರು. ಅಮ್ಮ ಏನೂ ಹೇಳಲಿಲ್ಲ. ಬೀಗದ ಕೈಯನ್ನು ಸೊಂಟದಿಂದ ತೆಗೆದು ಅಪ್ಪನ ಮುಂದೆ ನೆಲದ ಮೇಲಿಟ್ಟರು. ತೀರ್ಮಾನ ನಿಮ್ಮದು ಎಂಬಂತೆ.

ಅಪ್ಪ ಅದನ್ನು ಮುಟ್ಟಲಿಲ್ಲ. "ತೋರಿಸಿದ ಕೋವಿ ಕೆಲಸ ಕೇಳುತ್ತೆ" ಎಂದರು. "ಬ್ಯಾಂಕಿನ ಬಾಗಿಲಲ್ಲಿ ಅದನ್ನ ತೋರಿಸೋಕೆ ನನಗೆ ಹೇಳಿದಾರೆ, ಲೆಕ್ಕ ಬರೆದುಕೊಂಡಿದಾರೆ. ಇಲ್ಲಿ ಯಾರು ಹೇಳಿದಾರೆ? ಅವರು ಹೆದರದೇ ಬಂದರೆ ನಾನು ಹೊಡೀಬೇಕು. ನಮ್ಮ ಬೀದಿ ಹುಡುಗರನ್ನೇ ಹೊಡೀಲಾ?" ಬನಿಯನ್ನಿನಲ್ಲೇ ಹೊರಗೆ ಹೋಗಿ ಜಗಲಿಯ ಮೇಲೆ ಕುರ್ಚಿ ಹಾಕಿ ಕೂತರು. ಎರಡೂ ಕೈ ಮೊಣಕಾಲ ಮೇಲೆ, ಎಲ್ಲರಿಗೂ ಕಾಣುವ ಹಾಗೆ.

ಏಳೆಂಟು ಜನ ಬಂದರು. ಇಬ್ಬರು ನನಗೆ ಗೊತ್ತಿದ್ದ ಹುಡುಗರೇ. ಅಪ್ಪ ಅವರನ್ನು ಹೆಸರು ಹಿಡಿದು ಕರೆದು, "ನಿಮ್ಮಮ್ಮನಿಗೆ ಗೊತ್ತೇನೋ ನೀನು ಇಲ್ಲಿರೋದು?" ಎಂದು ಕೇಳಿದರು. ಅಷ್ಟೇ. ಸ್ವಲ್ಪ ಹೊತ್ತು ನಿಂತು ಹೋದರು. ಎಲ್ಲ ಬೀದಿಗಳಲ್ಲೂ ಹೀಗೆಯೇ ನಡೆಯಿತೆಂದು ನಾನು ಹೇಳಲಾರೆ. ಬೇರೆ ಕಡೆ ಮನೆ, ಅಂಗಡಿಗಳು ಸುಟ್ಟವು. ಜೀವಗಳೂ ಹೋದವು. ಅಪ್ಪನ ಅದೃಷ್ಟ ಆ ರಾತ್ರಿ ಚೆನ್ನಾಗಿತ್ತು, ಅಷ್ಟೇ ಇರಬಹುದು. ಆದರೆ ಬೆಳಗಾದ ಮೇಲೆ ಆ ಹುಡುಗರೂ ಬದುಕಿದ್ದರು, ನಮ್ಮ ನಡುಮನೆಯ ಮಕ್ಕಳೂ ಬದುಕಿದ್ದರು.

ಈ ಮಾತು ನೆನಪಾದದ್ದು ನನ್ನ ಅಕ್ಕನ ಮಗಳು ಅಮೆರಿಕದ ಟೆಕ್ಸಾಸಿನಿಂದ ಫೋನು ಮಾಡಿದಾಗ. "ಚಿಕ್ಕಮ್ಮ, ತರಕಾರಿ ಅಂಗಡೀಲಿ ನನ್ನ ಮುಂದೆ ನಿಂತವನ ಸೊಂಟದಲ್ಲಿ ಪಿಸ್ತೂಲು! ಯಾರೂ ತಿರುಗಿ ಕೂಡ ನೋಡಲಿಲ್ಲ." ಅಲ್ಲಿ 2016ರ ಜನವರಿಯಿಂದ ಲೈಸೆನ್ಸಿರುವವರು ಪಿಸ್ತೂಲನ್ನು ಬಯಲಾಗಿ ಧರಿಸಬಹುದು. 2021ರ ಸೆಪ್ಟೆಂಬರಿನಿಂದ ಬಹುಪಾಲು ವಯಸ್ಕರಿಗೆ ಆ ಲೈಸೆನ್ಸೂ ಬೇಡ. ಬಯಲಾಗಿ ಹಿಡಿಯಬೇಕೋ, ಬಟ್ಟೆಯೊಳಗೆ ಮುಚ್ಚಬೇಕೋ ಎಂಬ ಜಗಳ ಆ ದೇಶದಲ್ಲಿ ಇನ್ನೂರು ವರ್ಷ ಹಳೆಯದು. 1813ರಲ್ಲೇ ಕೆಂಟಕಿ, ಲೂಸಿಯಾನ ರಾಜ್ಯಗಳು ಬಚ್ಚಿಟ್ಟ ಆಯುಧವನ್ನು ನಿಷೇಧಿಸಿದವು. ಮರ್ಯಾದಸ್ಥ ತೋರಿಸಿಕೊಂಡು ನಡೆಯುತ್ತಾನೆ, ಬಚ್ಚಿಡುವವನು ಕೊಲೆಗಡುಕ ಎಂಬುದು ಆಗಿನ ನಂಬಿಕೆ. ಆದರೆ 1967ರ ಮೇ ತಿಂಗಳಲ್ಲಿ ಬ್ಲ್ಯಾಕ್ ಪ್ಯಾಂಥರ್ ಪಕ್ಷದ ಕಪ್ಪು ಜನರು ಕೋವಿ ಹಿಡಿದು ಕ್ಯಾಲಿಫೋರ್ನಿಯಾದ ಶಾಸನಸಭೆಗೆ ನಡೆದು ಬಂದಾಗ, ತುಂಬಿದ ಕೋವಿಯನ್ನು ಬೀದಿಯಲ್ಲಿ ಹಿಡಿಯುವುದನ್ನೇ ಆ ರಾಜ್ಯ ಅದೇ ವರ್ಷ ನಿಷೇಧಿಸಿತು. ಸಹಿ ಹಾಕಿದ ಗವರ್ನರ್ ರೊನಾಲ್ಡ್ ರೇಗನ್. 2022ರ ಜೂನಿನಲ್ಲಿ ಅಲ್ಲಿನ ಸುಪ್ರೀಂ ಕೋರ್ಟು, ಪಿಸ್ತೂಲನ್ನು ಮುಚ್ಚಿಟ್ಟು ಒಯ್ಯಲು ವಿಶೇಷ ಕಾರಣ ಕೊಡಬೇಕೆಂಬ ನ್ಯೂಯಾರ್ಕಿನ ನೂರು ವರ್ಷದ ಕಾಯ್ದೆಯನ್ನು ರದ್ದು ಮಾಡಿತು. ಹಲಗಲಿ, ಕೊಡಗಿನ ಪಾಠವೇ ಅಲ್ಲೂ. ಯಾರ ಕೈಯಲ್ಲಿದೆ ಎಂಬುದನ್ನು ನೋಡಿಯೇ ಕಾಯ್ದೆ ಹುಬ್ಬೇರಿಸುತ್ತದೆ.

ಹಾಗಾದರೆ ಬಯಲ ಕೋವಿಯೇ ಮೇಲೆ, ಗುಟ್ಟಿನ ಕೋವಿಯೇ ಕೀಳು ಎನ್ನೋಣವೇ? ನಮ್ಮ ಗಾದೆ ಹಾಗೆಯೇ ಹೇಳುತ್ತದೆ: ಕೈಯಲ್ಲಿ ಶರಣಾರ್ಥಿ, ಕಂಕುಳಲ್ಲಿ ದೊಣ್ಣೆ. 2015ರ ಆಗಸ್ಟ್ 30ರ ಬೆಳಗ್ಗೆ ಧಾರವಾಡದಲ್ಲಿ ವಚನಗಳ ವಿದ್ವಾಂಸ ಎಂ.ಎಂ. ಕಲಬುರ್ಗಿಯವರ ಮನೆಯ ಬಾಗಿಲಿಗೆ ಬಂದವರ ಕೈ ಬರಿಗೈಯಂತೆಯೇ ಕಂಡಿರಬೇಕು. 2017ರ ಸೆಪ್ಟೆಂಬರ್ 5, ಶಿಕ್ಷಕರ ದಿನ. ಸಮಾರಂಭದಲ್ಲಿ ಕೊಟ್ಟ ಹೂಗುಚ್ಛವನ್ನು ನೀರಿಗೆ ಹಾಕಿ ಟೀವಿ ಹಚ್ಚಿದರೆ, ರಾಜರಾಜೇಶ್ವರಿನಗರದ ತಮ್ಮ ಮನೆಯ ಮುಂದೆಯೇ ಗೌರಿ ಲಂಕೇಶ್ ಗುಂಡಿಗೆ ಬಲಿಯಾಗಿದ್ದರು. ಎರಡೂ ಕೊಲೆಗೆ ಬಳಸಿದ್ದು ಒಂದೇ 7.65 ಎಂ.ಎಂ. ನಾಡಪಿಸ್ತೂಲು ಎಂದು ಆಮೇಲೆ ವಿಧಿವಿಜ್ಞಾನ ಪ್ರಯೋಗಾಲಯದ ವರದಿ ಹೇಳಿತು. ಎರಡು ವರ್ಷ ಆ ಪಿಸ್ತೂಲು ಇದೇ ನಾಡಿನಲ್ಲಿ ಎಲ್ಲೋ ಇತ್ತು. ಯಾವ ರಿಜಿಸ್ಟರಿನಲ್ಲೂ ಇರಲಿಲ್ಲ, ಯಾವ ಅಮ್ಮನ ಸೊಂಟದಲ್ಲೂ ಅದರ ಬೀಗದ ಕೈ ಇರಲಿಲ್ಲ. ನನ್ನನ್ನು ನಡುಗಿಸಿದ್ದು ಅದು ಬಚ್ಚಿಟ್ಟದ್ದು ಎಂಬುದಷ್ಟೇ ಅಲ್ಲ, ಲೆಕ್ಕಕ್ಕೇ ಸಿಗದ್ದು ಎಂಬುದು.

ಬಯಲಾಗಿ ಹಿಡಿಯುವುದಕ್ಕೆ ನಮ್ಮಲ್ಲಿ ಬೇರೆ ಮಾದರಿಗಳೂ ಇವೆ. ಹಲಸೂರು ಕೆರೆ ದಂಡೆಯ ಗುರುದ್ವಾರಕ್ಕೆ ಬರುವ ಸಿಖ್ಖರ ಸೊಂಟದ ಕಿರ್ಪಾಣಿಗೆ ಸಂವಿಧಾನದ 25ನೇ ವಿಧಿಯೇ ರಕ್ಷೆ ಕೊಟ್ಟಿದೆ. ಚೈತ್ರ ಹುಣ್ಣಿಮೆಯ ರಾತ್ರಿ ಪೇಟೆಯ ಕರಗದ ಜೊತೆ ವೀರಕುಮಾರರು ಹಿರಿದ ಕತ್ತಿಗಳನ್ನು ಹಿಡಿದೇ ನಡೆಯುತ್ತಾರೆ. ಮಕ್ಕಳನ್ನು ಕಂಕುಳಿಗೇರಿಸಿಕೊಂಡು ನಾವು ಹತ್ತಿರ ನಿಂತು ನೋಡುತ್ತೇವೆ. ಅವರ ಕೈಗೆ ವ್ರತದ ಕಟ್ಟಿದೆ ಎಂಬುದು ನಮಗೆ ಗೊತ್ತು. ಎಲ್ಲ ಕೋವಿಗೂ ಅಂಥದೊಂದು ಕಟ್ಟು ಬೇಕಲ್ಲ?

ನಮ್ಮ ದೇಶದ ಕಾಯ್ದೆ ಆ ಕಟ್ಟನ್ನು ನಿಧಾನವಾಗಿ ಹುಡುಕಿಕೊಂಡಿದೆ. 2016ರ ಆಯುಧ ನಿಯಮಗಳ ಪ್ರಕಾರ ಲೈಸೆನ್ಸಿರುವ ಕೋವಿಯನ್ನೂ ಸಾರ್ವಜನಿಕ ಸ್ಥಳದಲ್ಲಿ ಅದಕ್ಕೆಂದೇ ಮಾಡಿದ ಚೀಲದಲ್ಲಿ, ಪೂರ್ತಿ ಮುಚ್ಚಿ ಒಯ್ಯಬೇಕು. ಒಯ್ಯುವವನ ಹತೋಟಿಯಲ್ಲೇ ಅದಿರಬೇಕು. ಝಳಪಿಸುವಂತಿಲ್ಲ. ಇನ್ನೊಂದು ಕಡೆ, ಪ್ರತಿ ಲೈಸೆನ್ಸಿಗೂ ದೇಶದ ಲೆಕ್ಕದಲ್ಲಿ ಒಂದು ಸಂಖ್ಯೆಯಿರಬೇಕು. 2019ರ ತಿದ್ದುಪಡಿ ಒಬ್ಬರು ಇಟ್ಟುಕೊಳ್ಳಬಹುದಾದ ಕೋವಿಗಳನ್ನು ಮೂರರಿಂದ ಎರಡಕ್ಕೆ ಇಳಿಸಿತು. ಸಂಭ್ರಮಕ್ಕೆಂದು ಗುಂಡು ಹಾರಿಸಿ ಇತರರ ಜೀವಕ್ಕೆ ಅಪಾಯ ತಂದರೆ 2 ವರ್ಷದವರೆಗೆ ಸೆರೆ, ಇಲ್ಲವೇ 1 ಲಕ್ಷ ರೂಪಾಯಿವರೆಗೆ ದಂಡ, ಇಲ್ಲವೇ ಎರಡೂ. ಮುಚ್ಚಿರಬೇಕು, ಆದರೆ ಲೆಕ್ಕದಲ್ಲಿರಬೇಕು. ಇದನ್ನು ಓದಿದ ದಿನ ನಾನು ಒಬ್ಬಳೇ ನಕ್ಕೆ. ಕಾಣಬಾರದು, ಗೊತ್ತಿರಬೇಕು. ಅಮ್ಮ ಹೊಸಿಲಲ್ಲಿ ನಿಂತು ಹೇಳಿದ ಕಾಯಿದೆಗೆ ದಿಲ್ಲಿಯವರು 2016ರಲ್ಲಿ ಮೊಹರು ಒತ್ತಿದ್ದರು.

ಅಪ್ಪ 2011ರಲ್ಲಿ ತೀರಿಕೊಂಡರು. ವೈಕುಂಠ ಸಮಾರಾಧನೆ ಆದ ಮೇಲೆ ನನ್ನ ತಮ್ಮ, "ಕೋವಿ ಮನೇಲೇ ಇರಲಿ, ಅಪ್ಪನ ನೆನಪು. ಯಾರಿಗೂ ಹೇಳೋದು ಬೇಡ, ಅಟ್ಟದ ಮೇಲಿಟ್ಟರೆ ಯಾರು ನೋಡ್ತಾರೆ?" ಎಂದ. ಅವನಿಗೆ ಕೆಟ್ಟ ಯೋಚನೆಯೇನಿರಲಿಲ್ಲ. ಅಪ್ಪನ ಕೈ ತಾಗಿ ತಾಗಿ ಆ ಮರದ ಹಿಡಿ ನುಣುಪಾಗಿತ್ತು. ನನಗೂ ಗಂಟಲು ಕಟ್ಟಿತು. ಅಮ್ಮ ಮಾತ್ರ, "ನಿಮ್ಮಪ್ಪ ಒಂದು ದಿನವೂ ಅದನ್ನ ಕಳ್ಳಮಾಲಿನ ಹಾಗೆ ಇಡಲಿಲ್ಲ. ನೀನು ಇಡಬೇಡ" ಎಂದರು. ಲೈಸೆನ್ಸುದಾರ ತೀರಿಕೊಂಡರೆ ಕೋವಿಯನ್ನು ಠಾಣೆಗೋ ಲೈಸೆನ್ಸಿರುವ ಅಂಗಡಿಗೋ ಒಪ್ಪಿಸಬೇಕೆಂಬುದು ಕಾಯ್ದೆ.

ಮಾರನೆಯ ದಿನ ನಾನೂ ತಮ್ಮನೂ ಆಟೋದಲ್ಲಿ ಠಾಣೆಗೆ ಒಯ್ದೆವು. ಗವಸು ನನ್ನ ಮಡಿಲಲ್ಲಿತ್ತು. ಅಷ್ಟು ಭಾರವೆಂದು ನನಗೆ ಅಲ್ಲಿಯವರೆಗೆ ಗೊತ್ತಿರಲಿಲ್ಲ. ಪೊಲೀಸಿನವರು ನಳಿಗೆ, ಹಿಡಿ, ನಂಬರು ನೋಡಿ, ತೋಟಾಗಳನ್ನು ಎಣಿಸಿ, ರಸೀದಿ ಬರೆದುಕೊಟ್ಟರು. ತೋಟಾಗಳು ಅಮ್ಮ ಹೇಳಿದ್ದಷ್ಟೇ ಇದ್ದವು, ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

ಗವಸು ಬೇಕಿಲ್ಲವೆಂದು ವಾಪಸು ಕೊಟ್ಟರು. ಅಮ್ಮ ಅದನ್ನು ಸೋಪಿನ ನೀರಿನಲ್ಲಿ ಎರಡು ಸಲ ಒಗೆದು, ಬಿಸಿಲಿಗೆ ಒಣಗಿಸಿ, ಬಾಗಿಲ ಹಿಂದಿನ ಮೊಳೆಗೆ ನೇತುಹಾಕಿದರು. ಈಗ ಅದರಲ್ಲಿ ಮನೆಯ ಛತ್ರಿಗಳಿರುತ್ತವೆ. ಮಳೆ ಬಂದಾಗ ಮೊಮ್ಮಕ್ಕಳು ಓಡಿ ಬಂದು ಕೈಹಾಕಿ ಎಳೆದುಕೊಳ್ಳುತ್ತಾರೆ. ಯಾರೂ ಅವರನ್ನು ಗದರಿಸುವುದಿಲ್ಲ.